ಅಪ್ಪ ಕುಡಿದ ಬ್ರಾಂದಿ

ಅಪ್ಪನಿಗೆ ಲಿವರ್ ಕ್ಯಾನ್ಸರ್ ಎಂದು ಗೊತ್ತಾದ ವಾರವೇ ಕಾರ್ಖಾನೆ ಕ್ವಾರ್ಟರ್ಸಿನ ಕನ್ನಡದವರೆಲ್ಲ ನೋಡಲು ಬಂದರು. ಸೇಬು ತಂದರು, ಚಹಾ ಕುಡಿದರು, ಹೋಗುವಾಗ ನನ್ನನ್ನು ಬಾಗಿಲ ಪಕ್ಕಕ್ಕೆ ಕರೆದು, ಅಪ್ಪ ಯಾವಾಗಿನಿಂದ ಕುಡಿಯುತ್ತಿದ್ದರು ಎಂದು ಮೆಲ್ಲಗೆ ಕೇಳಿದರು. ಲಿವರ್ ಕೆಟ್ಟಿತೆಂದರೆ ಬಾಟಲಿಯೇ ಕಾರಣ ಎನ್ನುವುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ರಕ್ಷಣಾ ಕಾರ್ಖಾನೆಯಲ್ಲಿ ದುಡಿದು ನಿವೃತ್ತಿಗೆ ಹತ್ತಿರವಾಗಿದ್ದ ಅಪ್ಪ ಕೆಮ್ಮಿನ ಔಷಧಿಯನ್ನೂ ಸಾರಾಯಿ ಇದೆಯೇನೋ ಎಂದು ವಾಸನೆ ನೋಡಿ ಕುಡಿಯುವ ಮನುಷ್ಯ. ಅವ್ವ ಬಂದವರ ಜೊತೆಗೆಲ್ಲ ಜಗಳ ತೆಗೆದಳು.

ನಾನು ಆಗ ಕೊಂಡಾಪುರದ ಕಂಪನಿಯೊಂದರಲ್ಲಿದ್ದೆ. ಊರೆಲ್ಲ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದಾಗ ನಮ್ಮ ತಂಡ ಹೊರದೇಶದ ಲ್ಯಾಬುಗಳಿಗೆ ಜೀನ್‌ಗಳನ್ನು ಹೋಲಿಸುವ ಪ್ರೋಗ್ರಾಂ ಬರೆಯುತ್ತಿತ್ತು. ಜೀನ್ ಎಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದ ಸಾಲು; ಅದರಲ್ಲಿ ಯಾವ ಅಕ್ಷರದ ಜಾಗದಲ್ಲಿ ಯಾವುದು ಬಂದಿದೆ ಎಂದು ನೋಡುವುದೇ ಕೆಲಸ. ಅಪ್ಪನ ಗಡ್ಡೆಯ ಚೂರನ್ನು ಪರೀಕ್ಷೆಗೆ ಕಳಿಸಿದ್ದ ಡಾಕ್ಟರು ಅದಕ್ಕೇ ನನ್ನೊಬ್ಬಳನ್ನೇ ಕೂರಿಸಿಕೊಂಡು ವಿವರಿಸಿದರು. ಜೀವಕೋಶ ಹದ್ದುಮೀರಿ ಬೆಳೆಯದಂತೆ ತಡೆಯುವ ಜೀನ್ ಒಂದಿದೆ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು, ಅದೂ ಕಾಳುಕಡಿಗೆ ಹಿಡಿಯುವ ಬೂಷ್ಟಿನ ವಿಷ ಸಾಮಾನ್ಯವಾಗಿ ಕೆಡಿಸುವ ಜಾಗದಲ್ಲೇ. ಅದೇ ಕಾರಣ ಎಂದು ಆಣೆ ಮಾಡಿ ಹೇಳಲಾರೆ, ಆದರೆ ಹಳೆಯ ಶೇಂಗಾ ಏನಾದರೂ ತಿನ್ನುತ್ತಿದ್ದರಾ ಎಂದು ಕೇಳಿದರು.

ತಿನ್ನುತ್ತಿದ್ದರು. ಅವ್ವನ ತವರಿನಿಂದ ಪ್ರತಿವರ್ಷ ರೈಲಿನಲ್ಲಿ ಕಾಚಿಗೂಡ ಸ್ಟೇಷನ್ನಿಗೆ ಶೇಂಗಾ ಚೀಲ ಬರುತ್ತಿತ್ತು. ದುಂಡಗಿನ ಕಾಳು ಹೋಳಿಗೆಗೆ, ಬಂದವರಿಗೆ. ಮಳೆಗಾಲದಲ್ಲಿ ತೇವ ಹಿಡಿದು ಕಪ್ಪಾದ ಕಾಳನ್ನು ಅವ್ವ ಉಜ್ಜಿ ಹುರಿದು, ಕಹಿ ಮುಚ್ಚುವಷ್ಟು ಬೆಳ್ಳುಳ್ಳಿ, ಖಾರ ಹಾಕಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುತ್ತಿದ್ದಳು. ತವರಿನ ಕಾಳು ಚೆಲ್ಲುವುದುಂಟೇ? ನನಗೆ ಖಾರ ಆಗದು, ಅವ್ವನಿಗೆ ಅಸಿಡಿಟಿ. ಆ ಹಿಂಡಿ ಪೂರ್ತಿ ಅಪ್ಪನ ಊಟದ ಡಬ್ಬಿಗೆ ಹೋಗುತ್ತಿತ್ತು.

ಅಪ್ಪನಿಗೆ ಎಲ್ಲ ಹೇಳಿದೆ. ಕುಡುಕ ಎಂಬ ಹೆಸರಾದರೂ ತಪ್ಪುತ್ತದಲ್ಲ ಎಂದು ನನಗೆ ಸಮಾಧಾನವಿತ್ತು. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ನಿಮ್ಮವ್ವಗ ಹೇಳಬ್ಯಾಡ. ನಾ ಕುಡೀತಿದ್ದೆ ಅಂತ ಹೇಳ್ತೀನಿ."

"ಆಕಿ ನಂಬಾಂಗಿಲ್ಲಪ್ಪ."

"ಗಂಡಸು ಕುಡದೀನಿ ಅಂದ್ರ ಯಾರೂ ಸಾಕ್ಷಿ ಕೇಳಾಂಗಿಲ್ಲ."

ಮರುದಿನ ಬೆಳಿಗ್ಗೆ ಒಪ್ಪಿಕೊಂಡರು. ಪಟಾನ್‌ಚೆರುವಿನ ಗೆಳೆಯನ ಮನೆಯಲ್ಲಿ, ಬಹಳ ವರ್ಷದಿಂದ ಎಂದರು. ಏನು ಕುಡಿಯುತ್ತಿದ್ದಿರಿ ಎಂದು ಅವ್ವ ಕೇಳಿದ್ದಕ್ಕೆ ಬ್ರಾಂದಿ ಎಂದರು. ಹೇಗೆ ಎಂದು ಕೇಳಿದಳು. ಅಷ್ಟು ತಯಾರಿ ಇರಲಿಲ್ಲ, ಮಜ್ಜಿಗೆಯಲ್ಲಿ ಬೆರೆಸಿ ಎಂದುಬಿಟ್ಟರು. ಪುಣ್ಯಕ್ಕೆ ಅವ್ವನಿಗೂ ಆ ವಿಷಯದಲ್ಲಿ ಅಷ್ಟೇ ತಿಳಿವಳಿಕೆ. ಅತ್ತಳು, ಬೈದಳು, ಮಾತು ಬಿಟ್ಟಳು. ಗಂಜಿ ಮಾತ್ರ ಹೊತ್ತಿಗೆ ಸರಿಯಾಗಿ ಕೊಟ್ಟಳು, ಅಪ್ಪ ತಪ್ಪಿತಸ್ಥನ ಮುಖ ಮಾಡಿಕೊಂಡು ಉಂಡರು. ಹುಳ ಬಿದ್ದಿದೆ ಎಂದು ಹೇಳಿ ಶೇಂಗಾ ಚೀಲವನ್ನು ನಾನು ಹೊರಗೆ ಹಾಕಿಸಿದೆ.

ಅಪ್ಪ ಹೋದ ಮೇಲೆ ಅದೇ ಜನ ಮತ್ತೆ ಬಂದರು. ಈ ಸಲ ಅವ್ವ ಯಾರೊಂದಿಗೂ ಜಗಳವಾಡಲಿಲ್ಲ. ಹೌದು, ಕುಡಿಯುತ್ತಿದ್ದರು ಎಂದು ಕೇಳುವ ಮೊದಲೇ ಹೇಳಿದಳು. ಎಲ್ಲರೂ ಎದ್ದು ಹೋದ ಮೇಲೆ ಬಂದು ನನ್ನ ಪಕ್ಕ ಕೂತಳು.

"ನಿಮ್ಮಪ್ಪ ಮೊದಲ ಒಂದ ಮಾತು ನಂಗ ಹೇಳಿದ್ರ ಬಿಡಸ್ತಿದ್ದೆ ನೋಡು," ಎಂದಳು.

ಹೂಂ, ನೀನು ಬಿಡಿಸುತ್ತಿದ್ದೆ ಎಂದೆ.