ನೆಗೆಣ್ಣಿಯ ಲಂಕೆ, ನನ್ನ ಗೋವಾ

ನಾನು ಒಮ್ಮೆ ನನ್ನ ನೆಗೆಣ್ಣಿಯ ಕಾಲಿಗೆ ಬಿದ್ದಿದ್ದೇನೆ. ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಆರು ವರ್ಷ ಸಣ್ಣವಳು. ಅವಳಿಗೆ ರೊಟ್ಟಿ ಬಡಿಯಲು ಕಲಿಸಿದವಳೇ ನಾನು. ಆದರೂ ಬಿದ್ದೆ, ಬೀಳಬೇಕಾಯಿತು. ನಾನು ಪರರಾಜ್ಯಕ್ಕೆ ಹೋಗಿ ಬಂದದ್ದು ಆ ಒಂದು ಸಿಟ್ಟಿಗೆ. ದೇಶ ನೋಡುವ ಆಸೆ ನನಗೆ ಯಾವತ್ತೂ ಇರಲಿಲ್ಲ.

ನಮ್ಮದು ಹುಬ್ಬಳ್ಳಿಯಲ್ಲಿ ಹತ್ತಿ ಅಡತಿಯ, ಎಂದರೆ ದಲ್ಲಾಳಿ ವ್ಯಾಪಾರದ, ಮನೆತನ. ಅಣ್ಣ ತಮ್ಮ ಇಬ್ಬರಿಗೂ ಒಂದೇ ಅಂಗಡಿ, ನಮಗಿಬ್ಬರಿಗೂ ಒಂದೇ ಒಲೆ. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಎರಡು ಮೂರು ವರ್ಷವಿತ್ತು. ಹೊಲದಿಂದ ಹತ್ತಿ ಬರುವ ಮೊದಲು ಅಂಗಡಿಯಲ್ಲಿ ಗಂಡಸರು ನೊಣ ಹೊಡೆಯುತ್ತ ಕೂಡ್ರುತ್ತಿದ್ದರು. ಅಂಥ ದಿನಗಳಲ್ಲಿ ಧಾರವಾಡದ ಒಬ್ಬ ಮಾಸ್ತರರು ಹತ್ತು ಹನ್ನೆರಡು ಜನರ ಗುಂಪು ಕಟ್ಟಿಕೊಂಡು ಊರು ತೋರಿಸಲು ಹೊರಡುತ್ತಿದ್ದರು. ಕೊರಳಲ್ಲಿ ಒಂದು ಸೀಟಿ, ಕೈಯಲ್ಲಿ ಒಂದು ಕೊಡೆ. ಸೀಟಿ ಊದಿದರೆ ಎಲ್ಲರೂ ಕೊಡೆಯ ಹಿಂದೆ ನಡೆಯಬೇಕು. ಆ ವರ್ಷ ಅವರು ರಾಮೇಶ್ವರ ಮುಗಿಸಿ, ಆಗಬೋಟು ಹತ್ತಿಸಿ ಲಂಕೆಯನ್ನೂ ತೋರಿಸುತ್ತೇನೆ ಎಂದರು.

ಮೈದುನ ಹೆಂಡತಿಯನ್ನು ಕರೆದುಕೊಂಡು ಹೊರಟೇಬಿಟ್ಟ. ನಮ್ಮ ಯಜಮಾನರನ್ನೂ ಮಾಸ್ತರರು ಕೇಳಿದ್ದರು. ಇವರು ಏನಂದರು ಗೊತ್ತೇ? "ಸಮುದ್ರ ನೋಡಿ ಏನ್ ಮಾಡೂದೈತ್ರಿ ಮಾಸ್ತರ? ನೀರ ಅಲ್ಲೇನು? ನಮ್ಮ ಉಣಕಲ್ ಕೆರಿ ಐತಲ್ಲ!"

ಹದಿನೆಂಟು ದಿನದ ಮೇಲೆ ಟಾಂಗಾ ಬಂದು ಬಾಗಿಲಿಗೆ ನಿಂತಿತು. ಅತ್ತೆ ಅವರಿಬ್ಬರಿಗೂ ರೊಟ್ಟಿ ನಿವಾಳಿಸಿ ಚೆಲ್ಲಿ, ಕಾಲಿಗೆ ನೀರು ಹಾಕಿ, ನನ್ನ ಕಡೆ ತಿರುಗಿದರು.

"ಬೀಳು, ಕಾಲಿಗೆ ಬೀಳು."

"ನಾನೇನ್ರಿ ಅತ್ತಿ? ಆಕಿ ಸಣ್ಣಾಕಿ ಅಲ್ರಿ!"

"ಯಾತ್ರಿ ಮಾಡಿ ಬಂದವರಿಗೆ ಸಣ್ಣವರು ದೊಡ್ಡವರು ಇಲ್ಲವ್ವಾ. ನಾನೂ ಬೀಳಾಕಿನ."

ಅತ್ತೆ ಖರೆಯೇ ಬಗ್ಗಿದರು. ಅವರು ಬಗ್ಗಿದ ಮೇಲೆ ನನಗೆ ದಾರಿ ಎಲ್ಲಿ? ಬಿದ್ದೆ. ಮೂಗಿನ ಮುಂದೆ ಅವಳ ಕಾಲುಂಗುರ, ಹೊಸದು, ರಾಮೇಶ್ವರದ್ದು, ಮೀನಿನ ಆಕಾರದ್ದು. ಅವಳು ನನ್ನ ತಲೆಯ ಮೇಲೆ ಕೈ ಇಟ್ಟಳು. ಇಟ್ಟ ಕೈ ಲಗೂನೆ ತೆಗೆಯಲಿಲ್ಲ.

"ಛಲೋದಾಗಿ ಇರ್ರಿ ಅಕ್ಕಾರ," ಎಂದು ಹರಸಿದಳು.

ಅವತ್ತಿನಿಂದ ಮನೆಯಲ್ಲಿ ಎರಡು ವಾಸನೆ. ಒಂದು ದಾಲ್ಚಿನ್ನಿಯದು, ಇನ್ನೊಂದು ನನ್ನ ಹೊಟ್ಟೆ ಸುಡುವುದು. ಅವಳು ಲಂಕೆಯಿಂದ ಒಂದು ಗಂಟು ದಾಲ್ಚಿನ್ನಿ ತಂದಿದ್ದಳು. ಸಾರಿಗೆ, ಪಲ್ಯಕ್ಕೆ, ಕೊನೆಗೆ ಮಜ್ಜಿಗೆಗೂ ಹಾಕಿದಳು. ಆಮೆಯ ಚಿಪ್ಪಿನ ಬಾಚಣಿಕೆ ತುರುಬಿಗೆ ಸಿಗಿಸಿಕೊಂಡು ಕಟ್ಟೆಯ ಮೇಲೆ ಕೂತರೆ ಓಣಿಯ ಹೆಂಗಸರೆಲ್ಲ ಅಲ್ಲೇ. "ಲಂಕಾದಾಗ ಹಿಂಗಿಲ್ಲ ನೋಡ್ರಿ," "ಲಂಕಾದಾಗ ತೆಂಗಿನಕಾಯಿ ಇಷ್ಟಿಷ್ಟ ದೊಡ್ಡವು." ಒಳಗೆ ಒಲೆಯ ಮುಂದೆ ನಾನು. ಹೆಂಗಸರು ನೀರು ಕೇಳಿದರೆ ತಂದುಕೊಡುವವಳೂ ನಾನು. ಸುಳ್ಳು ಬರೆಯುವುದಿಲ್ಲ, ಆ ಬಾಚಣಿಕೆ ಮುರಿಯಲಿ ಎಂದು ದಿನಾ ದೇವರಿಗೆ ಕೈ ಮುಗಿಯುತ್ತಿದ್ದೆ. ಅದು ಮುರಿಯಲಿಲ್ಲ.

ನಾನು ಯಜಮಾನರ ಸಂಗಡ ಎಂಟು ದಿನ ಮಾತು ಬಿಟ್ಟೆ. ಅವರಿಗೆ ಗೊತ್ತೇ ಆಗಲಿಲ್ಲ. ಒಂಬತ್ತನೆಯ ದಿನ ತಾಟಿಗೆ ರೊಟ್ಟಿ ಹಾಕುತ್ತ ಬಾಯಿ ಬಿಟ್ಟೇ ಹೇಳಿದೆ.

"ಏನ್ರಿ, ನನ್ನ ಎಲ್ಲ್ಯಾರ ಪರರಾಜ್ಯಕ್ಕ ಕರಕೊಂಡು ಹೋಗ್ತೀರೋ, ಇಲ್ಲಾ ಹೆಬ್ಬಳ್ಳಿಗೆ ಕಳಸ್ತೀರೋ?"

ಹೆಬ್ಬಳ್ಳಿ ನನ್ನ ತವರು. ಅವರು ರೊಟ್ಟಿ ಮುರಿದುಕೊಂಡೇ ಕೇಳಿದರು, "ಯಾವುದು ಹತ್ರ?"

ಹತ್ತಿರದ ಪರರಾಜ್ಯ ಗೋವಾ. ಈಗಿನ ಹುಡುಗರು ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಬರುತ್ತಾರೆ. ಆಗ ಅದು ಪೋರ್ತುಗೀಜರದು. ಅವರದೇ ರೊಕ್ಕ, ಅವರದೇ ಪೊಲೀಸರು, ನಡುವೆ ಜಕಾತಿ ಕಟ್ಟೆ. ಮರುವರ್ಷ ದೀಪಾವಳಿ ಆದ ಮೇಲೆ ಮಾಸ್ತರರು ಅಲ್ಲಿಗೂ ಐದು ದಿನದ ಗುಂಪು ಕಟ್ಟಿದರು. ಅಲ್ಲಿ ದೇವಿಯ ದೊಡ್ಡ ಗುಡಿ ಇದೆಯಂತೆ. ನಾನು ಅತ್ತೆಯ ಮುಂದೆ ಕೂತು, ನೆಗೆಣ್ಣಿಗೆ ಕೇಳುವಷ್ಟು ಜೋರಾಗಿ ಕೇಳಿದೆ:

"ಅತ್ತೀ, ಗೋವಾಕ್ಕ ಹೋದ್ರ ಅದು ಯಾತ್ರಿ ಆಗತೈತೇನ್ರಿ?"

ಅತ್ತೆ ಸ್ವಲ್ಪ ವಿಚಾರ ಮಾಡಿದರು. "ದೇವಿಗೆ ಉಡಿ ತುಂಬಿ, ಪ್ರಸಾದ ತಂದ್ರ ಯಾತ್ರಿ. ಬರೇ ಕೈಲೆ ಬಂದ್ರ ತಿರುಗಾಟ."

"ಯಾತ್ರಿ ಆದ್ರ, ಮನ್ಯಾಗಿನವರು ಎಲ್ಲಾರೂ ಕಾಲಿಗೆ ಬೀಳ್ತಾರಲ್ರಿ?"

"ಯಾಕ ಬೀಳಬಾರದು?"

ನೆಗೆಣ್ಣಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮೊರದ ಮೇಲೆ ಆಡುತ್ತಿದ್ದ ಅವಳ ಕೈ ಒಂದು ಗಳಿಗೆ ನಿಂತಿತು. ನನಗೆ ಅಷ್ಟೇ ಸಾಕಾಯಿತು.

ಕುಪ್ಪಸದ ಖಣ, ಕೊಬ್ಬರಿ ಬಟ್ಟಲು, ಅಕ್ಕಿ, ಎಲೆ ಅಡಿಕೆ, ಅರಿಷಿಣ ಕುಂಕುಮ ಎಲ್ಲ ಒಂದು ಗಂಟು ಕಟ್ಟಿಕೊಂಡೆ. ಇನ್ನೊಂದು ತಗಡಿನ ಡಬ್ಬಿಯಲ್ಲಿ ಅರವತ್ತು ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಪರರಾಜ್ಯದ ಕೂಳನ್ನು ನಂಬುವಂತಿಲ್ಲ. ರೈಲು ಘಟ್ಟ ಇಳಿದು ಜಕಾತಿ ಕಟ್ಟೆಯಲ್ಲಿ ನಿಂತಿತು. ಮೀಸೆಯ ಅಧಿಕಾರಿಯೊಬ್ಬ ಡಬ್ಬಿ ತೆರೆಸಿದ. ಅವನು ಕಡಕ್ ರೊಟ್ಟಿಯನ್ನು ಜನ್ಮದಲ್ಲಿ ಕಂಡಿರಲಿಲ್ಲ. ಒಂದನ್ನು ಬೆರಳಿನಿಂದ ಬಡಿದ, ಟಣ್ ಎಂದಿತು. ಸಂಶಯ ಬಂತು. ಮುರಿದು ನೋಡಿದ, ಒಳಗೆ ಏನೂ ಇಲ್ಲ. ಇನ್ನೊಂದು ಮುರಿದ. ಹೀಗೆ ಒಂದೊಂದನ್ನೇ ಮುರಿಯುತ್ತ ಹೋದ.

ಯಜಮಾನರು ಅಡತಿಯಲ್ಲಿ ಕಲಿತ ಮರಾಠಿಯಲ್ಲಿ ಇದು ತಿನ್ನುವ ವಸ್ತು ಎಂದು ಹೇಳಿ ನೋಡಿದರು. ಅವನು ತಲೆ ಆಡಿಸಿ ಮತ್ತೊಂದು ಮುರಿದ. ಆಗ ಇವರು ಒಂದು ಚೂರು ತೆಗೆದು ಅವನ ಮುಂದೆಯೇ ಕಟಕಟ ಕಡಿದು ತಿಂದು ತೋರಿಸಿದರು. ಅವನೂ ಒಂದು ಚೂರು ಬಾಯಿಗೆ ಹಾಕಿಕೊಂಡ. ಹಲ್ಲಿನ ಬುಡ ಹಿಡಿದುಕೊಂಡು, ಹೋಗಿ ಎಂದು ಕೈ ಮಾಡಿದ. ಅರವತ್ತು ರೊಟ್ಟಿ ಹೋಗಿ ಒಂದು ಡಬ್ಬಿ ನುಚ್ಚಾಗಿತ್ತು.

"ಛಲೋನ ಆತು," ಎಂದರು ಇವರು. "ಮುರಿಯೂ ತ್ರಾಸ ತಪ್ಪತು."

ಅಂಥ ಮನುಷ್ಯ. ಸಿಟ್ಟು ಮಾಡಿಕೊಳ್ಳಲು ಬರುತ್ತಿರಲಿಲ್ಲ ಅವರಿಗೆ. ಅವರ ಪಾಲಿನದನ್ನೂ ನಾನೇ ಮಾಡಿಕೊಳ್ಳಬೇಕು.

ಮೂರನೆಯ ದಿನ ಮಾಸ್ತರರು ಮೋಟಾರಿನಲ್ಲಿ ಹಳೆಯ ಗೋವೆಗೆ ಕರೆದೊಯ್ದರು. ದೊಡ್ಡ ದೊಡ್ಡ ಬಿಳಿಯ ಕಟ್ಟಡಗಳು. ಅವರು ಮುಂದೆ ಕೊಡೆ ಎತ್ತಿಕೊಂಡು ಗುಂಪಿನ ಮರಾಠಿ ಮಂದಿಗೆ ಮರಾಠಿಯಲ್ಲಿ ಏನೇನೋ ಹೇಳುತ್ತಿದ್ದರು. ನನಗೆ ಮರಾಠಿ ತಿಳಿಯದು, ನಾನು ಸಾಲಿಗೆ ಹೋದದ್ದೇ ಮೂರು ವರ್ಷ, ಅದೂ ಕನ್ನಡ. ಅವತ್ತು ದೇವಿಯ ಗುಡಿ ಎಂದು ಮಾತ್ರ ಬೆಳಿಗ್ಗೆ ಹೇಳಿದ್ದರು. ಮೊದಲು ಕಿರಿಸ್ತಾನರ ಇಗರ್ಜಿ, ಆಮೇಲೆ ಗುಡಿ ಎಂಬುದನ್ನು ಯಾರೂ ನನಗೆ ಬಿಡಿಸಿ ಹೇಳಲಿಲ್ಲ.

ಒಳಗೆ ಹೋದೆವು. ತಂಪು ಇತ್ತು. ಯಜಮಾನರು ಒಂದು ಬೆಂಚಿನ ಮೇಲೆ ಕೂತವರು ಅಲ್ಲೇ ನಿದ್ದೆ ಹೋದರು. ನಾನು ಪಕ್ಕದ ಗೂಡಿನ ಕಡೆ ನೋಡಿದೆ. ಇದ್ದಳಲ್ಲ ದೇವಿ! ತಲೆಯ ಮೇಲೆ ಕಿರೀಟ, ತಲೆ ತುಂಬ ಸೆರಗು, ಕಂಕುಳಲ್ಲಿ ಕೂಸು. ಲಕ್ಷಣವಾದ ಮುಖ. ಆದರೆ ಹಣೆಯಲ್ಲಿ ಕುಂಕುಮ ಇಲ್ಲ, ಕೊರಳಲ್ಲಿ ಒಂದು ಎಳೆ ಹೂವಿಲ್ಲ. ಇಲ್ಲಿಯ ಪೂಜಾರಿ ಶುದ್ಧ ಮೈಗಳ್ಳ ಎಂದುಕೊಂಡೆ. ಗಂಟು ಬಿಚ್ಚಿ, ಕೈಗೆ ಎಟುಕಿದ ಕಡೆ ಅರಿಷಿಣ ಕುಂಕುಮ ಹಚ್ಚಿ, ಅಕ್ಕಿ ಕೊಬ್ಬರಿ ಖಣ ಇಟ್ಟು, ಐದು ಸಲ ಉಡಿ ತುಂಬಿದೆ. ಹಾಡಿಲ್ಲದೆ ಉಡಿ ತುಂಬಬಾರದು, ಒಂದು ಹಾಡನ್ನೂ ಹೇಳಿದೆ. ಆ ಕಟ್ಟಡದಲ್ಲಿ ಧ್ವನಿ ಭಾರೀ ಗುಂಯ್ ಎನ್ನುತ್ತದೆ. "ತಾಯೀ, ಮತ್ತೇನೂ ಬೇಡ, ಆಕಿ ನನ್ನ ಕಾಲಿಗೆ ಬೀಳಲಿ," ಎಂದು ಬೇಡಿಕೊಂಡು ತಿರುಗಿದರೆ ಉದ್ದ ನಿಲುವಂಗಿಯ ಮುದುಕ ಪಾದ್ರಿ ನಿಂತಿದ್ದಾನೆ.

ಅವನು ಬಯ್ಯಲಿಲ್ಲ. ಖಣ ನೋಡಿದ, ನನ್ನನ್ನು ನೋಡಿದ. ಪ್ರಸಾದಕ್ಕೆಂದು ನಾನು ಬೊಗಸೆ ಒಡ್ಡಿದೆ. ಅವನಿಗೆ ಏನು ಕೊಡಬೇಕೋ ತಿಳಿಯಲಿಲ್ಲ, ಒಂದು ಮೇಣಬತ್ತಿ ತಂದು ಕೈಗಿಟ್ಟ.

ಹೊರಗೆ ಬಂದರೆ ಕೊಡೆ ಇಲ್ಲ, ಸೀಟಿ ಇಲ್ಲ, ಮೋಟಾರೂ ಇಲ್ಲ. ಎರಡು ಮೋಟಾರು ಇದ್ದವು, ನಾವಿಬ್ಬರೂ ಅದರಲ್ಲಿದ್ದೇವೆಂದು ಇದರವರು, ಇದರಲ್ಲಿದ್ದೇವೆಂದು ಅದರವರು ಹೊರಟುಹೋಗಿದ್ದರು. ದೇವಿಯ ಗುಡಿಗೆ ಹೋದರೆಂದು ಬಾಗಿಲಲ್ಲಿದ್ದವನು ಯಜಮಾನರಿಗೆ ಹೇಳಿದ.

"ಮತ್ತ ಇದು ಯಾವ ಗುಡಿ?" ಎಂದೆ.

ಯಜಮಾನರು ಕಣ್ಣುಜ್ಜಿಕೊಂಡರು. "ಇದು ಕಿರಿಸ್ತಾನರ ಗುಡಿ. ಆಕಿ ಯೇಸುವಿನ ಅವ್ವ."

"ನೀವು ಯಾಕ ಹೇಳಲಿಲ್ಲ?"

"ನೀ ಎಲ್ಲಿ ಎಬ್ಬಿಸಿದಿ?"

ನಮ್ಮ ವಸತಿ ಪಣಜಿಯಲ್ಲಿ, ಅಲ್ಲಿಗೆ ಹೊಳೆಯಲ್ಲಿ ದೋಣಿ ಇತ್ತು. ಉಣಕಲ್ ಕೆರೆ ಸಾಕು ಎಂದ ಮನುಷ್ಯ ದೋಣಿ ಏರಿದ ಸ್ವಲ್ಪ ಹೊತ್ತಿಗೇ ಹೊಟ್ಟೆಯಲ್ಲಿದ್ದ ರೊಟ್ಟಿ ನುಚ್ಚನ್ನೆಲ್ಲ ಹೊಳೆಗೆ ಕೊಟ್ಟರು. ದೋಣಿಯವನು ಹೊಟ್ಟೆಗೆ ಔಷಧವೆಂದು ಸಣ್ಣ ಗ್ಲಾಸಿನಲ್ಲಿ ಏನೋ ಹಾಕಿಕೊಟ್ಟ. ಕುಡಿದರು. ಇನ್ನೊಂದು ಕೇಳಿ ಕುಡಿದರು. ಆಮೇಲೆ ದಂಡೆ ಮುಟ್ಟುವವರೆಗೆ ದೋಣಿಯವನಿಗೆ ಹತ್ತಿಯ ಧಾರಣೆ ಹೇಳಿ ಹೇಳಿ ನಕ್ಕರು. ಅದು ಗೇರು ಹಣ್ಣಿನ ಸೆರೆ. ನಮ್ಮ ಮನೆತನದಲ್ಲಿ ಅದರ ಹೆಸರನ್ನೂ ಎತ್ತುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ತಿರುಗಿ ಬರುವ ರೈಲು. ಒಂದು ದಿನ ನಿಲ್ಲಿರಿ, ಗುಡಿ ನೋಡಬೇಕು ಎಂದು ಮಾಸ್ತರರಿಗೆ ಕೈ ಮುಗಿದೆ.

"ಮೂರು ಸಲ ಸೀಟಿ ಊದೇನಿ ಬಾಯಾರ," ಎಂದರು ಅವರು.

ನನ್ನ ಮುಖ ನೋಡಲಾರದೆ ಧಾರವಾಡದ ಒಬ್ಬ ಹೆಂಗಸು ತನ್ನ ಪ್ರಸಾದದ ಕುಂಕುಮದಲ್ಲಿ ಒಂದು ಚಿಟಿಕೆ ಕಾಗದಕ್ಕೆ ಹಾಕಿ ಕೊಟ್ಟಳು. "ಯಾರಿಗೆ ಗೊತ್ತಾಗತೈತ್ರಿ? ಇಟಗೋರಿ," ಎಂದಳು. ಇಟ್ಟುಕೊಂಡೆ. ರೈಲಿನಲ್ಲಿ ಸೆರಗಿನ ಗಂಟನ್ನು ಹತ್ತು ಸಲ ಮುಟ್ಟಿ ನೋಡಿದೆ. ನಾಚಿಕೆ ಬರಲಿಲ್ಲವೇ ಎಂದರೆ, ಬರಲಿಲ್ಲ.

ಮನೆಯ ಬಾಗಿಲಲ್ಲಿ ಅತ್ತೆ ರೊಟ್ಟಿ ನಿವಾಳಿಸಿದರು, ಕಾಲಿಗೆ ನೀರು ಹಾಕಿದರು, ಕೈ ಚಾಚಿದರು. "ಪ್ರಸಾದ?" ಕಾಗದದ ಪೊಟ್ಟಣ ಬಿಚ್ಚಿ ಕೊಟ್ಟೆ. ಹಣೆಗೆ ಹಚ್ಚಿಕೊಂಡು ಕಾಲಿಗೆ ಬಿದ್ದರು, ನಾನೂ ಬಗ್ಗಿ ಅವರನ್ನು ಹಿಡಿದೆ. ಆಮೇಲೆ ನೆಗೆಣ್ಣಿಯ ಕಡೆ ನೋಡಿದರು. ಅವಳು ಸೆರಗು ಹೊದ್ದುಕೊಂಡು ಮುಂದೆ ಬಂದಳು. ಬಗ್ಗಿದಳು. ಅವಳ ತುರುಬಿನ ಬಾಚಣಿಕೆ ನನ್ನ ಕಣ್ಣ ಕೆಳಗೆ ಬಂತು. ನಾನು ಕೈಯನ್ನು ಎತ್ತಿ ಸಿದ್ಧ ಇಟ್ಟುಕೊಂಡಿದ್ದೆ.

ಅಷ್ಟರಲ್ಲಿ ಟಾಂಗಾದಿಂದ ಡಬ್ಬಿ ಇಳಿಸಿಕೊಂಡು ಯಜಮಾನರು ಒಳಗೆ ಬಂದರು. ಕೈಯಲ್ಲಿ ಮೇಣಬತ್ತಿ.

"ಅವ್ವಾ, ಅದು ಧಾರವಾಡದ ಬಾಯಾರ ಪ್ರಸಾದ. ಇಕಿದು ಇಲ್ಲೈತಿ ನೋಡು! ಯೇಸುವಿನ ಅವ್ವಗ ಉಡಿ ತುಂಬಿ ಬಂದಾಳ ನಿನ್ನ ಸೊಸಿ!"

ನೆಗೆಣ್ಣಿಯ ಬೆರಳು ನನ್ನ ಕಾಲಿಗೆ ಒಂದು ಗೇಣು ದೂರವಿತ್ತು. ಅಲ್ಲಿಂದಲೇ ನೆಟ್ಟಗೆ ಎದ್ದಳು. ಮೊದಲು ಬಾಯಿಗೆ ಸೆರಗು ಹಿಡಿದಳು, ಆಮೇಲೆ ಬಾಗಿಲ ಚೌಕಟ್ಟು ಹಿಡಿದಳು, ಆಮೇಲೆ ನೆಲಕ್ಕೇ ಕೂತು ನಕ್ಕಳು. ಅತ್ತೆ ಹಣೆಯ ಕುಂಕುಮವನ್ನು ಒರೆಸಬೇಕೋ ಬಿಡಬೇಕೋ ತಿಳಿಯದೆ ಕೈ ಎತ್ತಿಕೊಂಡೇ ನಿಂತರು.

"ತಾಯಿಗೆ ತುಂಬಿದ್ದು ಖರೆ ಹೌದು," ಎಂದರು ಕೊನೆಗೆ. "ಆದ್ರ ಮೇಣಬತ್ತಿ ಪ್ರಸಾದ ಆಗೂದಿಲ್ಲ."

ಅದನ್ನು ದೇವರ ಜಗಲಿಯ ಮೇಲೂ ಇಡಲಿಲ್ಲ, ಚೆಲ್ಲಲೂ ಇಲ್ಲ. ಅಡಿಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟರು.

ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ನಗಲು ಬಂದ ಹೆಂಗಸರು ಕಟ್ಟೆಯ ಮೇಲೆ ಕೂತರು. ನಾನು ಒಳಗೇ ಇದ್ದೆ. ಯಜಮಾನರು ಹೇಳುತ್ತ ಕೂತರು, ಆದರೆ ತಪ್ಪು ತಪ್ಪು ಹೇಳುತ್ತಿದ್ದರು. ನಿದ್ದೆ ಮಾಡಿದವರಿಗೆ ಏನು ಗೊತ್ತು? ತಡೆಯಲಾರದೆ ಹೊರಗೆ ಹೋಗಿ ನಾನೇ ಹೇಳಿದೆ. ಉಡಿ ತುಂಬಿದ ಹಾಡನ್ನೂ ಹಾಡಿ ತೋರಿಸಿದೆ. ನಡುವೆ ಬಾಯಿ ಹಾಕಲು ಬಂದ ಯಜಮಾನರಿಗೆ, "ಔಷಧದ ಮಾತೂ ಹೇಳಲೇನ್ರಿ?" ಎಂದೆ. ಎದ್ದು ಅಂಗಡಿಗೆ ಹೋದರು.

ಮರುದಿನ ಹೆಂಗಸರು ಮತ್ತೆ ಬಂದರು, ಬೇರೆ ಓಣಿಯವರನ್ನೂ ಕರೆತಂದರು. ಬಸುರಿ ಹೆಂಗಸರಂತೂ ರೊಟ್ಟಿ ಮುರಿದದ್ದನ್ನು ನಕ್ಕು ನಕ್ಕು ಎರಡೆರಡು ಸಲ ಕೇಳಿದರು. ಲಂಕೆಯನ್ನು ಯಾರೂ ಕೇಳಲಿಲ್ಲ. ಒಮ್ಮೆ ನೆಗೆಣ್ಣಿ, "ಲಂಕಾದಾಗ..." ಎಂದು ಸುರು ಮಾಡಿದಳು. "ತಡಿ ತಂಗಿ, ಪಾದ್ರಿದು ಮುಗೀಲಿ," ಎಂದಳು ಒಬ್ಬಳು. ನಾನು ನೆಗೆಣ್ಣಿಯ ಮುಖ ನೋಡಿದೆ. ಆ ಮುಖ ನನಗೆ ಗುರುತಿನದು. ಹಿಂದಿನ ವರ್ಷವೆಲ್ಲ ಅದನ್ನು ನಾನೇ ಹೊತ್ತು ತಿರುಗಿದ್ದೆ.

ಮುಂದಿನ ದೀಪಾವಳಿಗೆ ಗೋವಾಕ್ಕೆ ಹೋಗಲೇಬೇಕೆಂದು ಅವಳು ಹಟ ಹಿಡಿದಳು. ಹೊರಡುವಾಗ ಹಿರಿಯರ ಕಾಲಿಗೆ ಬಿದ್ದು ಹೋಗುವುದು ಪದ್ಧತಿ. ಬಂದು ಬಿದ್ದಳು. ದಿನದ ಪದ್ಧತಿ, ಯಾತ್ರೆಯದಲ್ಲ, ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಆದರೂ ಅವಳ ತಲೆಯ ಮೇಲೆ ಕೈ ಇಟ್ಟು, ಅವಳು ಇಟ್ಟಷ್ಟೇ ಹೊತ್ತು ಇಟ್ಟೆ. "ಛಲೋದಾಗಿ ಹೋಗಿ ಬಾ ತಂಗಿ," ಎಂದೆ.

ಅವರು ತಿರುಗಿ ಬರುವ ದಿನ ಬೆಳಿಗ್ಗೆ ನಾನು ಚಕ್ಕಡಿ ಹೂಡಿಸಿಕೊಂಡು ಹೆಬ್ಬಳ್ಳಿಗೆ ಹೋದೆ. ತವರಿನಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಯಾತ್ರೆಯವರ ಕಾಲಿಗೆ ಬೀಳುವುದು ಅವರು ಬಾಗಿಲಿಗೆ ಬಂದು ನಿಂತಾಗ ಮಾತ್ರ. ಮಿಂದು ಒಳಗೆ ಹೋದ ಮೇಲೆ ಅವರೂ ನಮ್ಮಂಥವರೇ. ಎಂಟು ದಿನ ಬಿಟ್ಟು ಬಂದೆ.

ನೆಗೆಣ್ಣಿ ಒಲೆಯ ಮುಂದೆ ಕೂತಿದ್ದಳು. ಮುಖ ದಪ್ಪಗಿತ್ತು. ದೇವಿಯ ಕುಂಕುಮದ ಪುಡಿ ನನ್ನ ಪಾಲಿನದು ತೆಗೆದಿಟ್ಟಿದ್ದಳು, ಕೈಗಿಟ್ಟಳು. ಸುದ್ದಿ ಹೇಳಿದವನು ಮೈದುನ.

"ವೈನಿ, ಆ ಇಗರ್ಜಿಗೂ ಹೋಗಿದ್ವಿ. ಇಕಿ ಕುಪ್ಪಸದ ಖಣ ನೋಡಿದ ಕೂಡ್ಲೇ ಆ ಮುದುಕ ಪಾದ್ರಿ ನಿಮ್ಮನ್ನ ಕೇಳಿದ. ಹಾಡು ಹೇಳಿದ ಬಾಯಾರು ಛಲೋ ಇದ್ದಾರೇನು ಅಂತ! ನಿಮ್ಮ ಖಣ ಮಡಚಿ ಕಪಾಟಿನ್ಯಾಗ ಇಟ್ಟಾನ, ತೆಗದು ತೋರಿಸಿದ."

"ಇಕಿಗೆ ಏನ್ ಕೊಟ್ಟ?" ಎಂದೆ.

"ಏನೂ ಕೊಡಲಿಲ್ಲ," ಎಂದಳು ನೆಗೆಣ್ಣಿ ಒಲೆಯ ಕಡೆಗೇ ನೋಡುತ್ತ. "ನಾ ಬೊಗಸಿ ಒಡ್ಡಿದ್ದೆ."

ಯಾತ್ರೆಯ ಲೆಕ್ಕದಲ್ಲಿ ಅವಳು ನನ್ನ ಕಾಲಿಗೆ ಬೀಳಲಿಲ್ಲ, ನಾನು ಎರಡನೆಯ ಸಲ ಅವಳ ಕಾಲಿಗೆ ಬೀಳಲಿಲ್ಲ. ಮಾಡದಲ್ಲಿ ನನ್ನ ಮೇಣಬತ್ತಿ ಇತ್ತು. ಊಟಕ್ಕೆ ಕೂತು ಮೊದಲ ತುತ್ತು ಬಾಯಿಗೆ ಇಟ್ಟಾಗ ಗೊತ್ತಾಯಿತು, ಅವತ್ತಿನ ಸಾರಿಗೆ ಅವಳು ದಾಲ್ಚಿನ್ನಿ ಹಾಕಿರಲಿಲ್ಲ.