ಎಮ್ಮೆಯ ಹಗ್ಗ ಎಟುಕುವಷ್ಟು

ಕೆ.ಆರ್.ಪೇಟೆಯಲ್ಲಿ ನಮ್ಮ ವಾರ್ಡಿನ ಪುರಸಭಾ ಸದಸ್ಯೆ ಎಮ್ಮೆ ಸಾಕುತ್ತಿದ್ದರು. ಯಾರು ಏನೇ ಕೇಳಲಿ, ಸೆರಗಿಗೆ ಕೈ ಒರೆಸಿಕೊಂಡು, "ಹಗ್ಗ ಎಷ್ಟುದ್ದ ಅದೆ ನೋಡಾಣ" ಅನ್ನುತ್ತಿದ್ದರು.

ಊರಾಚೆಯ ಅವರ ಜಮೀನು ನನ್ನ ಕೊಬ್ಬರಿ ಗೋದಾಮಿಗೆ ಹೇಳಿ ಮಾಡಿಸಿದಂತಿತ್ತು. ಅದನ್ನು ಮಾರಿ ಮಗಳಿಗೆ ಮನೆ ಕಟ್ಟಿಸುವ ಆಸೆ ಅವರಿಗೂ ಇತ್ತು. ಆದರೆ ಊರಿನ ಮಾಸ್ಟರ್ ಪ್ಲಾನಿನಲ್ಲಿ ಆ ಜಾಗ ಪಾರ್ಕು. ಅದನ್ನು ಬದಲಿಸಲು ಪುರಸಭೆಯಲ್ಲಿ, ತಮ್ಮದೇ ಜಮೀನೆಂದು ಮತ ಹಾಕದ ಅವರೊಬ್ಬರನ್ನು ಬಿಟ್ಟು, ಎಲ್ಲರೂ ಒಪ್ಪಿ ಕೈ ಎತ್ತಿದರು. ಅವತ್ತೇ ನಾನು ಅಡ್ವಾನ್ಸ್ ಹಿಡಿದು ಅವರ ಕೊಟ್ಟಿಗೆಗೆ ಹೋದೆ.

"ತಕಳಿ ಅಕ್ಕಾ, ಸಭೆ ಒಪ್ತಲ್ಲ!"

"ನಾವು ಒಪ್ಪುದ್ರೆ ಆಯ್ತದೇನ್ಲಾ? ಕಾಯ್ದೆ ಸರ್ಕಾರದ್ದು. ಅವ್ರು ಒಪ್ಪೋಗಂಟ ಅದು ಪಾರ್ಕೇಯ. ನಾಳೆ ಗೋದಾಮು ಕೆಡವುದ್ರೆ ಕೊಬ್ರಿ ತಂದು ನನ್ ಎಮ್ಮೆ ಪಕ್ಕ ಮಡಿಕತೀಯಾ?"

ನಾನು ಬೆಲೆ ಏರಿಸಿದೆ. ಅವರು ಗದ್ದದಲ್ಲೇ ಎಮ್ಮೆಯನ್ನು ತೋರಿಸಿದರು. ಅದು ಹಗ್ಗ ಬಿಗಿಯುವಷ್ಟು ಕತ್ತು ಚಾಚಿ ಆಚೆಯ ಹುಲ್ಲಿಗೆ ನಾಲಿಗೆ ನೀಡುತ್ತಿತ್ತು.

"ಕಾಣ್ತದೆ, ಎಟಕಾಕಿಲ್ಲ. ಇದ್ರ ಗೂಟ ನಾನು ನೆಟ್ಟಿವ್ನಿ. ಪುರಸಭೆ ಗೂಟ ಸರ್ಕಾರ ನೆಟ್ಟದೆ ಕಣಪ್ಪ."

ಜಾಗ ಕೊಳ್ಳುವವರಿಗೆ ನಾನು ಹೇಳುವುದಿಷ್ಟೇ: ಸಭೆಯ ಠರಾವು ನೋಡಿ ದುಡ್ಡು ಕೊಡಬೇಡಿ, ಸರ್ಕಾರದ ಆದೇಶ ನೋಡಿ ಕೊಡಿ. ನಮಗೆ ಆ ಆದೇಶ ಬರಲೇ ಇಲ್ಲ. ಅವರಿರುವವರೆಗೂ ಆ ಜಮೀನಿನಲ್ಲಿ ಎಮ್ಮೆಯೇ ಮೇಯಿತು, ಮಗಳು ಬಾಡಿಗೆ ಮನೆಯಲ್ಲೇ ಉಳಿದಳು.