ತೋಟಪ್ಪ ಮೇಷ್ಟ್ರ ಈಜಿಪ್ತ್ ಯಾತ್ರೆ

ಮೊಳಕಾಲ್ಮೂರಿನ ತೋಟಪ್ಪ ಮೇಷ್ಟ್ರು ಬೇಸಿಗೆಯ ರಜೆಗೆ ಈಜಿಪ್ತ್‌ಗೆ ಹೊರಡುವ ಸಿದ್ಧತೆಯನ್ನು ಗ್ರಹಣದ ಗಣಿತದಷ್ಟೇ ನಿಷ್ಠೆಯಿಂದ ನಡೆಸುತ್ತಾರೆ. ಉಗಿಹಡಗುಗಳ ವೇಳೆ ಅವರಿಗೆ ಬಾಯಿಪಾಠ. ಪಿರಮಿಡ್ಡನ್ನು ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಹೋಲಿಸಿ ಮೂಗು ಮುರಿದದ್ದೂ ಉಂಟು. ಮರಳುಗಾಡಿನ ಚಳಿಗೆಂದು ಚಳ್ಳಕೆರೆಯ ಎರಡು ಕಂಬಳಿಗಳನ್ನು ಆಗಲೇ ಗಂಟು ಕಟ್ಟಿಟ್ಟಿದ್ದಾರೆ. ಅವರ ಲೆಕ್ಕದಲ್ಲಿ ಒಂದು ಹೆಜ್ಜೆಯೆಂದರೆ ಹತ್ತು ಮೈಲಿ, ಹಿತ್ತಲ ಬಾವಿಕಟ್ಟೆಯೇ ಬೊಂಬಾಯಿ. ಭೂಗೋಳಶಾಸ್ತ್ರ ಇದನ್ನು ಒಪ್ಪದು. ಆದರೆ ಪಾರ್ಶ್ವವಾಯು ಬಡಿದ ಮೇಲೆ ಹಾಸಿಗೆ ಬಿಟ್ಟೇಳಲೊಲ್ಲದಿದ್ದ ಹೆಂಡತಿ ಶಿವಬಸಮ್ಮ, ಈ ಯಾತ್ರೆಗಾಗಿ ಮೇಷ್ಟ್ರ ಭುಜ ಹಿಡಿದು ದಿನವೂ ನಡೆಯುತ್ತಾರೆ. ನಿನ್ನೆ ಬಾವಿಕಟ್ಟೆ ಮುಟ್ಟಿದವರೇ, “ಸಮುದ್ರ ಬಂತಲ್ರೀ, ಇನ್ನು ಹಡಗ್ನಾಗೆ ಕುಂತ್ಕಂಡೇ ಹೋಗ್ಬೋದು” ಎಂದರು. ಮೇಷ್ಟ್ರು ಮೆಲ್ಲನೆ ಭುಜ ಬಿಡಿಸಿಕೊಂಡು, ಎರಡು ಹೆಜ್ಜೆ ಮುಂದೆ ನಿಂತು, “ಹಡಗು ಇಲ್ಲೈತೆ, ಬಾರೇ” ಎಂದರು. ಗೊಣಗುತ್ತಲೇ ಶಿವಬಸಮ್ಮ ಕಾಲೆತ್ತಿಟ್ಟರು.